ಕಳುಹಿಸಿಕೊಡುವವನ ಕಸುಬು

‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಹೇಳಿದ್ದಾರೆ. ಇವೆರಡರಲ್ಲಿ ಮೊದಲನೆಯದನ್ನು ಗಿರಾಕಿಗೆ ಬಿಟ್ಟುಕೊಟ್ಟು, ಎರಡನೆಯದನ್ನು ಮಾತ್ರ ತನ್ನ ಪಾಲಿಗೆ ಇಟ್ಟುಕೊಂಡವನೇ ಪ್ರವಾಸದ ಏಜೆಂಟು. ಲೋಕವನ್ನೆಲ್ಲ ನೋಡಬಹುದೆಂಬ ಆಸೆಯಿಂದ ಈ ಕಸುಬಿಗೆ ಬರುವ ತರುಣನಿಗೆ ಮೊದಲು ದೊರೆಯುವುದು ಒಂದು ಮೇಜು, ಒಂದು ಕಂಪ್ಯೂಟರು ಮತ್ತು ಎಡೆಬಿಡದೆ ಕೂಗುವ ಫೋನು. ದಿನವೆಲ್ಲ ನಾಲ್ವರನ್ನು ಕಾಶಿಗೂ ಇಬ್ಬರನ್ನು ಸಿಂಗಪುರಕ್ಕೂ ಕಳುಹಿಸಿ, ಸಂಜೆ ಅವನು ಸಿಟಿ ಬಸ್ಸಿನಲ್ಲಿ ನಿಂತುಕೊಂಡೇ ಮನೆ ಸೇರುತ್ತಾನೆ.

ಈ ವೃತ್ತಿಯ ಮೂಲಪುರುಷನೆನಿಸಿದ ಇಂಗ್ಲೆಂಡಿನ ಥಾಮಸ್ ಕುಕ್ ಇಷ್ಟು ನತದೃಷ್ಟನಾಗಿರಲಿಲ್ಲ. 1841ರ ಜುಲೈ 5ರಂದು, ಪಾನನಿರೋಧದ ಸಭೆಯೊಂದರ ನೆಪದಲ್ಲಿ, ಸುಮಾರು 500 ಜನರನ್ನು ತಲೆಗೊಂದು ಶಿಲಿಂಗಿನಂತೆ ಲೆಸ್ಟರಿನಿಂದ ಲಾಫ್‌ಬರೋ ಪಟ್ಟಣಕ್ಕೆ ರೈಲಿನಲ್ಲಿ ಕರೆದೊಯ್ದ ಆತ, ತಾನೂ ಅವರೊಡನೆ ಹೋಗಿಬಂದ. ಇಂದಿನ ಹೊಸಬನಾದರೋ ಊರುಗಳನ್ನು ಅವುಗಳ ಸಂಕೇತಾಕ್ಷರಗಳಲ್ಲಿಯೇ ಕಂಡು ತೃಪ್ತನಾಗಬೇಕು. ಬೆಂಗಳೂರು ಬಿ.ಎಲ್.ಆರ್. ಆಗಿರುವುದು ಸರಿ, ಹುಬ್ಬಳ್ಳಿ ಎಚ್.ಬಿ.ಎಕ್ಸ್. ಆದುದನ್ನೂ ಸಹಿಸಬಹುದು. ಆದರೆ ಐ.ಎಕ್ಸ್.ಇ. ಎಂದರೆ ಮಂಗಳೂರೆಂದು ಮಂಗಳೂರಿನವರಾದರೂ ಹೇಗೆ ಗುರುತಿಸಿಯಾರು?

ಇದೆಲ್ಲ ಬಾಯಿಪಾಠದಿಂದ ಬರುವ ವಿದ್ಯೆ. ಎಚ್ಚರ ಮಾತ್ರ ಬಾಯಿಪಾಠದಿಂದ ಬರುವುದಿಲ್ಲ. ವಿಮಾನವು 15ನೆಯ ತಾರೀಖು 00:30ಕ್ಕೆ ಹೊರಡುವುದೆಂದರೆ, ಪ್ರಯಾಣಿಕರು 14ರ ರಾತ್ರಿಯೇ ನಿಲ್ದಾಣದಲ್ಲಿರಬೇಕು. 15ರಂದು ನೆಮ್ಮದಿಯಾಗಿ ರಾತ್ರಿಯ ಊಟ ಮುಗಿಸಿ ಹೊರಟವರಿಗೆ ಸಿಗುವುದು ಬರಿಯ ಆಕಾಶ. ಪಾಸ್‌ಪೋರ್ಟಿನ ಅವಧಿ ಮುಗಿಯಲು ಇನ್ನೂ ನಾಲ್ಕು ತಿಂಗಳಿದೆಯೆಂದು ಸಮಾಧಾನಪಡುವಂತಿಲ್ಲ; ಆರು ತಿಂಗಳಾದರೂ ಉಳಿದಿರಬೇಕೆಂದು ಕೇಳುವ ದೇಶಗಳು ಅನೇಕ.

ಇನ್ನು ಹೆಸರಿನ ಪಾಡು. ಕನ್ನಡಿಗರಲ್ಲಿ ಹಲವರಿಗೆ ಮನೆತನದ ಹೆಸರೆಂಬುದೇ ಇಲ್ಲ. ಊರಿಗೊಂದು, ತಂದೆಗೊಂದು ಅಕ್ಷರವಿಟ್ಟುಕೊಂಡು ಸುಖವಾಗಿ ಬಾಳಿದವರು. ಆ ಅಕ್ಷರಗಳು ಪಾಸ್‌ಪೋರ್ಟಿನಲ್ಲಿ ಬಿಡಿಸಿಕೊಂಡು, ಊರೇ ಹೆಸರಾಗಿ ಹೆಸರೇ ಬಾಲವಾಗಿ ಕುಳಿತಿರುವುದುಂಟು. ಟಿಕೇಟಿನಲ್ಲಿಯೂ ಅದು ಹಾಗೆಯೇ ಮೂಡಬೇಕು. ಮಗಳ ಬಾಣಂತನಕ್ಕೆಂದು ಮೆಂತ್ಯದ ಹಿಟ್ಟು, ಚಟ್ನಿಪುಡಿ ಕಟ್ಟಿಕೊಂಡು ಅಮೆರಿಕಕ್ಕೆ ಹೊರಟ ತಾಯಿ, ಎಂದೂ ಒಂಟಿಯಾಗಿ ಪ್ರಯಾಣ ಮಾಡದವಳು, ಏಜೆಂಟನ ಬೆರಳು ತಪ್ಪಿದ ಫಲವಾಗಿ ನಡುರಾತ್ರಿಯಲ್ಲಿ ನಿಲ್ದಾಣದ ಬಾಗಿಲಲ್ಲಿ ನಿಂತುಬಿಟ್ಟರೆ? ಹುಟ್ಟುವ ಕೂಸು ತಿದ್ದುಪಡಿಗಾಗಿ ಕಾಯುವುದಿಲ್ಲ.

ಇಷ್ಟು ಹೊಣೆ ಹೊತ್ತವನ ಸಂಪಾದನೆ ಹೆಚ್ಚೆಂದು ತಿಳಿಯಬಾರದು. ಹಿಂದೆ ವಿಮಾನ ಸಂಸ್ಥೆಗಳು ಟಿಕೇಟಿನ ಬೆಲೆಯ ಮೇಲೆ ಶೇಕಡಾವಾರು ಕಮಿಷನ್ ಕೊಡುತ್ತಿದ್ದವು. 1995ರಲ್ಲಿ ಅಮೆರಿಕದ ಡೆಲ್ಟಾ ಸಂಸ್ಥೆ ಅದಕ್ಕೊಂದು ಮಿತಿ ಹಾಕಿತು. ಮುಂದೆ ಉಳಿದವೂ ಕೈ ಬಿಗಿಹಿಡಿದವು. 2002ರಲ್ಲಿ ಭಾರತೀಯ ರೈಲ್ವೆಯ ಟಿಕೇಟೂ ಅಂತರ್ಜಾಲಕ್ಕೆ ಬಂದಿತು. ಈಗ ಕೈಯಲ್ಲಿ ಫೋನಿರುವ ಪ್ರತಿಯೊಬ್ಬನೂ ತನಗೆ ತಾನೇ ಏಜೆಂಟು. ‘ಇವನೇಕೆ ಬೇಕು?’ ಎಂದು ಮನೆಯ ಹುಡುಗರು ಕೇಳುವುದು ಸಹಜವೇ.

ಹೊರಡುವಾಗ ಯಾರೂ ಬೇಡ. ದಾರಿಯಲ್ಲಿ ತೊಡಕಾದಾಗ ಬೇಕು. ಪರಸ್ಥಳದಲ್ಲಿ ಸಿಕ್ಕಿಕೊಂಡವನಿಗೆ ಫೋನಿನ ಯಂತ್ರವಾಣಿ ‘ಒಂದನ್ನು ಒತ್ತಿರಿ, ಎರಡನ್ನು ಒತ್ತಿರಿ’ ಎನ್ನುವುದಲ್ಲದೆ, ‘ಗಾಬರಿಯಾಗಬೇಡಿ ರಾಯರೇ, ನಾನಿದ್ದೇನೆ’ ಎನ್ನುವುದಿಲ್ಲ. ದೊಡ್ಡ ಹೆಸರೂ ಎಲ್ಲ ಕಾಲದಲ್ಲಿ ಕಾಯುವುದಿಲ್ಲ. ಕುಕ್ ಕಟ್ಟಿದ ಬ್ರಿಟಿಷ್ ಸಂಸ್ಥೆಯೇ 2019ರ ಸೆಪ್ಟೆಂಬರಿನಲ್ಲಿ ದಿವಾಳಿಯೆದ್ದಿತು. ವಿದೇಶಗಳಲ್ಲಿ ಉಳಿದುಹೋದ ಸುಮಾರು ಒಂದೂವರೆ ಲಕ್ಷ ಜನರನ್ನು ಬ್ರಿಟನ್ ಸರ್ಕಾರವೇ ಮನೆಗೆ ಕರೆತರಬೇಕಾಯಿತು. ಭಾರತದಲ್ಲಿರುವ ಅದೇ ಹೆಸರಿನ ಕಂಪನಿ ಬೇರೆಯದು. ಆದರೂ ಈ ಪಾಠ ಕಸುಬಿನವರೆಲ್ಲರಿಗೂ ಒಂದೇ. ಗಿರಾಕಿ ಮುಂಗಡ ಕೊಡುವುದು ಹಣವನ್ನಷ್ಟೇ ಅಲ್ಲ, ನಂಬಿಕೆಯನ್ನು ಕೂಡ. ಹೊಸಬನು ಬಂಡವಾಳವೆಂದು ಕಾಪಾಡಬೇಕಾದುದು ಅದನ್ನೇ.

ವರುಷಗಟ್ಟಲೆ ಕೂಡಿಟ್ಟ ಹಣದಲ್ಲಿ ಕಾಶಿಗೆ ಹೋದ ವೃದ್ಧ ದಂಪತಿ ಕ್ಷೇಮವಾಗಿ ಹಿಂತಿರುಗಿ, ಬಿಸಿಲಿನಲ್ಲಿ ಅಂಗಡಿಯವರೆಗೆ ನಡೆದು ಬಂದು, ಮೇಜಿನ ಮೇಲೆ ಒಂದು ಕಾಶೀದಾರವನ್ನೂ ಚಿಟಿಕೆ ವಿಭೂತಿಯನ್ನೂ ಇರಿಸುತ್ತಾರೆ. ರಸೀತಿ ಪುಸ್ತಕದಲ್ಲಿ ಇದನ್ನು ಯಾವ ಕಲಮಿಗೆ ಬರೆಯಬೇಕೆಂಬುದು ಹೊಸಬನಿಗೆ ತಿಳಿಯುವುದಿಲ್ಲ. ದಾರವನ್ನು ಕೈಗೆ ಕಟ್ಟಿಕೊಂಡು, ಮತ್ತೆ ಕೂಗತೊಡಗಿದ ಫೋನನ್ನು ಎತ್ತಿಕೊಳ್ಳುತ್ತಾನೆ.