ಪಾಠದ ಹೊತ್ತಿನಲ್ಲಿ ಸಂಗೀತ

ಮಕ್ಕಳು ಓದುವಾಗ ಪಕ್ಕದಲ್ಲಿ ಮೆಲ್ಲಗೆ ಸಂಗೀತ ಹಾಕಿದರೆ ಪಾಠ ಬೇಗ ತಲೆಗೆ ಹತ್ತುತ್ತದೆ ಎಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ನಮ್ಮ ಭಾನುವಾರದ ಪಾಠಶಾಲೆಯ ತಾಯಂದಿರೂ ಹಾಗೆಯೇ ಹೇಳುತ್ತಿದ್ದರು. ಬೇಸಿಗೆ ರಜೆಯಲ್ಲಿ ಕೊಡೈಕಾನಲ್‌ನಲ್ಲಿ ಮಕ್ಕಳಿಗಾಗಿ ಧಾರ್ಮಿಕ ಶಿಬಿರ ನಡೆಸಿದಾಗ ಇದನ್ನು ಪರೀಕ್ಷಿಸಿ ನೋಡೋಣವೆಂದು ನಿಶ್ಚಯಿಸಿದೆವು.

ಈ ನಂಬಿಕೆ ಹಬ್ಬಲು ಮುಖ್ಯ ಕಾರಣ 1993ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ. 36 ಕಾಲೇಜು ವಿದ್ಯಾರ್ಥಿಗಳು 10 ನಿಮಿಷ ಮೊಜಾರ್ಟನ ಪಿಯಾನೋ ಕೃತಿ ಕೇಳಿದ ಮೇಲೆ, ಆಕಾರಗಳನ್ನು ಮನಸ್ಸಿನಲ್ಲೇ ಹೊಂದಿಸುವ ಪರೀಕ್ಷೆಯಲ್ಲಿ ತುಸು ಮುಂದಾದರು. ಕಾಲು ಗಂಟೆಯೊಳಗೆ ಆ ಲಾಭ ಕರಗಿತು. ಅವರು ಸಂಗೀತ ಕೇಳಿದ್ದು ಪರೀಕ್ಷೆಗೆ ಮುಂಚೆ, ಪರೀಕ್ಷೆ ಬರೆಯುವಾಗ ಅಲ್ಲ. ಮನಸ್ಸು ಪ್ರಸನ್ನವಾಗಿ ಚುರುಕಾದುದೇ ಇದಕ್ಕೆ ಕಾರಣವೆಂದು ನಂತರದ ಸಂಶೋಧಕರು ತೋರಿಸಿದರು. ಓದುವಾಗ ಸಾಹಿತ್ಯವಿರುವ ಹಾಡು ಕೇಳಿದರೆ ನೆನಪಿಗೆ ಅಡ್ಡಿಯಾಗುತ್ತದೆ ಎಂದೂ ಕಂಡುಬಂದಿದೆ.

ಶಿಬಿರದಲ್ಲಿ ಮಕ್ಕಳು ಚಿತ್ರ ಬರೆಯುವಾಗ ಕೊಳಲಿನ ನಾದ ಹಿತವಾಗಿತ್ತು. ಭಕ್ತಾಮರ ಸ್ತೋತ್ರದ ಶ್ಲೋಕಗಳನ್ನು ಬಾಯಿಪಾಠ ಮಾಡುವಾಗ ಭಜನೆ ಹಾಕಿದರೆ ಮಾತ್ರ ಅಕ್ಷರಗಳು ಕಲಸಿಹೋದವು. ಇಷ್ಟೇ ಆಗಿದ್ದರೆ ತೀರ್ಮಾನ ಸುಲಭವಿತ್ತು. ಇಬ್ಬರು ಮಕ್ಕಳು ನಮ್ಮನ್ನು ಯೋಚನೆಗೆ ಹಚ್ಚಿದರು.

ಒಬ್ಬಳು ಹುಡುಗಿ ಮಾತಿನಲ್ಲಿ ತಡವರಿಸುವವಳು. ಶ್ಲೋಕ ಹೇಳು ಎಂದರೆ ಅಮ್ಮನ ಸೆರಗು ಹಿಡಿಯುವಳು. ತಂಬೂರಿಯ ಶ್ರುತಿ ಹಾಕಿ ಎಲ್ಲರೂ ಒಟ್ಟಿಗೆ ಹೇಳಿದಾಗ ಅವಳ ದನಿ ನಿರರ್ಗಳವಾಗಿ ಬಂತು. ಆಕೆಯ ತಾಯಿ, "ಅಕ್ಕ, ಶ್ರುತಿ ಮಾತ್ರ ನಿಲ್ಲಿಸಬೇಡಿ" ಎಂದು ಕೈಮುಗಿದರು. ಇನ್ನೊಬ್ಬ ಹುಡುಗ ಶ್ರವಣಯಂತ್ರ ಹಾಕಿಕೊಳ್ಳುವವನು. ಆ ಯಂತ್ರ ಮಾತನ್ನೂ ಸಂಗೀತವನ್ನೂ ಒಟ್ಟಿಗೇ ದೊಡ್ಡದು ಮಾಡುತ್ತದೆ. ಪಾಠ ಹೇಳುವವರ ಮಾತು ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಅವನು ದೂರಲಿಲ್ಲ, ಸುಮ್ಮನೆ ಕಿಟಕಿಯ ಹೊರಗಿನ ಮಂಜು ನೋಡುತ್ತ ಕುಳಿತಿರುತ್ತಿದ್ದ.

ಒಬ್ಬರಿಗೆ ಆಸರೆಯಾದದ್ದು ಮತ್ತೊಬ್ಬರಿಗೆ ಗೋಡೆ. ಅನೇಕಾಂತವನ್ನು ಮಕ್ಕಳಿಗೆ ಬೋಧಿಸುವ ನಮಗೆ ಅದನ್ನು ಆಚರಿಸುವ ಸಂದರ್ಭ ಒದಗಿತು. ರಾತ್ರಿ ಕುಳಿತು ಚರ್ಚಿಸಿ ಕ್ರಮವೊಂದನ್ನು ಗೊತ್ತುಮಾಡಿದೆವು. ಪಾಠಕ್ಕೆ ಮುಂಚೆ ಐದು ನಿಮಿಷ ವಾದ್ಯಸಂಗೀತ. ಸಾಮೂಹಿಕ ಪಠಣಕ್ಕೆ ಬರೀ ಶ್ರುತಿ. ವಿವರಣೆ, ಪ್ರಶ್ನೋತ್ತರ, ಬಾಯಿಪಾಠದ ಹೊತ್ತಿನಲ್ಲಿ ಪೂರ್ಣ ಮೌನ. ಹುಡುಗನನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆವು. ಹುಡುಗಿಗೆ ಜೊತೆಯಲ್ಲಿ ಹೇಳಲು ಒಬ್ಬ ಗೆಳತಿಯನ್ನು ಕೊಟ್ಟೆವು.

ಹಿಂದಿರುಗುವಾಗ ಪಳನಿಯ ಸಮೀಪದ ಐವರ್‌ಮಲೆಗೆ ಹೋದೆವು. ಅಲ್ಲಿ ಬಂಡೆಯ ಮೇಲೆ ತೀರ್ಥಂಕರರ ಬಿಂಬಗಳ ಸಾಲಿದೆ. ಪಾಂಡ್ಯ ಅರಸ ವರಗುಣನ ಕಾಲದಲ್ಲಿ, ಶಕ 792ರಲ್ಲಿ (ಕ್ರಿ.ಶ. 870), ಶಾಂತಿವೀರರೆಂಬ ಗುರುಗಳು ಪಾರ್ಶ್ವನಾಥ ಬಿಂಬವನ್ನು ಜೀರ್ಣೋದ್ಧಾರ ಮಾಡಿಸಿದ್ದನ್ನು ಅಲ್ಲಿಯ ಶಾಸನ ಹೇಳುತ್ತದೆ. ಮಕ್ಕಳು ಶ್ರುತಿಯಿಲ್ಲದೆ ಪಂಚನಮಸ್ಕಾರ ಮಂತ್ರ ಹೇಳಿದರು. ಹುಡುಗಿ ಎರಡು ಕಡೆ ತಡೆದಳು. ಗೆಳತಿ ಕಾದಳು, ಉಳಿದವರೂ ಕಾದರು. ಮುಂದೆ ಕುಳಿತ ಹುಡುಗ ಅವಳ ತುಟಿಯನ್ನೇ ನೋಡುತ್ತ ಕೊನೆಯವರೆಗೂ ಜೊತೆಗೂಡಿದ.

ಮನೆಯಲ್ಲಿ ಮಕ್ಕಳನ್ನು ಓದಿಗೆ ಕೂರಿಸುವ ತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೆ: ಹಾಡು ಹಾಕುವ ಮುನ್ನ ಮಗುವನ್ನು ಒಮ್ಮೆ ಕೇಳಿ. ಬೇಡವೆಂದು ಹೇಳಲಾರದ ಮಗುವಿದ್ದರೆ ಅದರ ಮುಖ ನೋಡಿ.