ಚಾಪೆ ತನ್ನಿ

ನಮ್ಮ ಸೋಲೂರು ಹೋಬಳಿಯಲ್ಲಿ ಲಗ್ನಪತ್ರಿಕೆ ನೋಡಿಕೊಂಡು ಮದುವೆಗೆ ಹೋದವರನ್ನು ನಾನು ಕಂಡಿಲ್ಲ. ಪತ್ರಿಕೆ ಏನಿದ್ದರೂ ಛತ್ರದ ವಿಳಾಸಕ್ಕೆ, ಮುಹೂರ್ತದ ಹೊತ್ತಿಗೆ. ಮನೆ ಬಾಗಿಲಿಗೆ ಬಂದು, ಕುಂಕುಮ ಕೊಟ್ಟು, "ಹಿಂದಿನ ದಿನವೇ ಬಂದ್ಬಿಡ್ಬೇಕು ಕಣಕ್ಕ, ತಪ್ಪಿಸ್ಕೋಬೇಡಿ" ಅಂದರೆ ಮಾತ್ರ ಕರೆದ ಲೆಕ್ಕ. ಪತ್ರಿಕೆಯನ್ನು ಗೇಟಿಗೆ ಸಿಕ್ಕಿಸಿ ಹೋದರೋ, ವಾಟ್ಸಾಪಿಗೆ ಹಾಕಿ ಕೈತೊಳೆದುಕೊಂಡರೋ, "ಕಾರ್ಡೇನೋ ಬಂತು, ಕರೀಲಿಲ್ಲ" ಅನ್ನುವ ಮಾತು ಆ ಮದುವೆಯ ಮಕ್ಕಳ ಮದುವೆಯವರೆಗೂ ಉಳಿಯುತ್ತದೆ.

ಇಂಥ ಊರಲ್ಲಿ ಹುಟ್ಟಿದ ನನಗೆ ಸಿಕ್ಕಿದ್ದು ಮುಖ ನೋಡದವರನ್ನು ಕರೆಯುವ ಉದ್ಯೋಗ. ಬೆಂಗಳೂರಿನ ಒಂದು ಕಂಪನಿಗೆ ಕನ್ನಡದಲ್ಲಿ ಮಾರಾಟದ ಇಮೇಲ್ ಬರೆಯುತ್ತೇನೆ. ಮೇಲೆ ಏನೇ ಹೆಣೆದರೂ ನನ್ನ ಸಂಬಳ ನಿಂತಿರುವುದು ಕೆಳಗಿನ ಬಣ್ಣದ ಬಟನ್ನಿನ ಮೇಲಿರುವ ಎರಡು ಮೂರು ಪದಗಳ ಮೇಲೆ. ಕಚೇರಿಯಲ್ಲಿ ಅದನ್ನು ಸಿಟಿಎ, ಅಂದರೆ ಕಾಲ್ ಟು ಆ್ಯಕ್ಷನ್, ಅನ್ನುತ್ತಾರೆ. "ಬಾಡಿ ಚೆನ್ನಾಗಿದೆ, ಸಿಟಿಎ ಡಲ್ಲು" ಅನ್ನುವುದು ಮ್ಯಾನೇಜರ ನಿತ್ಯದ ಮಂತ್ರ.

ಈ ವಿದ್ಯೆಯನ್ನು ಕಲಿಸುವ ಕೋರ್ಸುಗಳಿವೆ. ನನಗೆ ಕಲಿಸಿದ್ದು ಮಾತ್ರ ಶಕುನಿ.

ಅಪ್ಪ ನಮ್ಮೂರ ನಾಟಕ ಮಂಡಳಿಯ ಶಕುನಿ. ನಮ್ಮ ಕಡೆ ಕುರುಕ್ಷೇತ್ರ ನಾಟಕದಲ್ಲಿ ಪಾತ್ರ ಬೇಕೆಂದರೆ ದುಡ್ಡು ಹಾಕಬೇಕು. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ಶಕುನಿಗೆ ಅಷ್ಟಿಲ್ಲ. ಕಮ್ಮಿ ದುಡ್ಡು ಕೊಟ್ಟಿದ್ದಕ್ಕೋ ಏನೋ, ಕರಪತ್ರ ಬರೆಯುವ ಕೆಲಸವೂ ಅವರ ತಲೆಗೇ ಬಿದ್ದಿತ್ತು. ತೆಳ್ಳನೆಯ ಗುಲಾಬಿ ಕಾಗದ. ನೆತ್ತಿಯ ಮೇಲೆ ಊರ ದೇವರು ಪ್ರಸನ್ನ. ಆಮೇಲೆ ದಪ್ಪಕ್ಷರದಲ್ಲಿ "ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ ಎಂಬ ಸುಂದರ ಪೌರಾಣಿಕ ನಾಟಕ". ರಾತ್ರಿ 8-30ಕ್ಕೆ ಸರಿಯಾಗಿ. (ಆ "ಸರಿಯಾಗಿ"ಗೆ ಹತ್ತೂವರೆ ಎಂದು ಅರ್ಥ ಮಾಡಿಕೊಳ್ಳುವುದು ಎಲ್ಲರಿಗೂ ಗೊತ್ತಿತ್ತು.) ನಡುವೆ ಪಾತ್ರಧಾರಿಗಳ ಪಟ್ಟಿ, ಕೊನೆಗೆ ಪ್ರೆಸ್ಸಿನವರು ಸದಾ ಜೋಡಿಸಿಟ್ಟಿರುತ್ತಿದ್ದ ಸಾಲು: ಕಲಾಭಿಮಾನಿಗಳು ಹೆಚ್ಚಿನ ಸಂಖ್ಯೆಯಲ್ಲಿ ಆಗಮಿಸಿ ನಾಟಕವನ್ನು ಯಶಸ್ವಿಗೊಳಿಸಬೇಕಾಗಿ ವಿನಂತಿ.

ಅಪ್ಪ ಆ ಸಾಲಿನ ತಂಟೆಗೆ ಹೋಗುತ್ತಿರಲಿಲ್ಲ. ಅದರ ಕೆಳಗೆ ತಮ್ಮದೊಂದು ವಿ.ಸೂ. ಸೇರಿಸುತ್ತಿದ್ದರು: "ಚಾಪೆ ತನ್ನಿ. ಹೆಂಗಸರಿಗೆ ಬೇರೆ ಜಾಗ ಇದೆ. ಬೆಳಗಿನ ಮೊದಲ ಬಸ್ಸಿಗೆ ಮುಂಚೆ ಮಂಗಳ."

ನಾನು ಈ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಕೇಳಿದೆ, ಅದನ್ಯಾಕೆ ಬರೀತಿದ್ರಿ ಅಂತ. ಅಡಿಕೆ ಕತ್ತರಿಸುತ್ತಾ ಅಂದರು: "ಅಲ್ಲ ಕಣಮ್ಮ, ಬನ್ನಿ ಅಂದ್ರೆ ಹೋಗಾನಾ ಬ್ಯಾಡ್ವಾ ಅಂತ ಯೋಚ್ನೆ ಮಾಡ್ತಾರೆ. ಚಾಪೆ ತನ್ನಿ ಅಂದ್ರೆ ಯಾವ ಚಾಪೆ ತಗೊಂಡೋಗಾನಾ ಅಂತ ಯೋಚ್ನೆ ಮಾಡ್ತಾರೆ."

ಸಿಟಿಎ ಬಗ್ಗೆ ನಾನು ಓದಿದ ಎಷ್ಟೋ ಪುಟಗಳ ಸಾರ ಆ ಒಂದು ಮಾತಿನಲ್ಲಿತ್ತು.

ಅಪ್ಪನ ಈ ಪಾಠ ತಿಳಿದಿದ್ದ ಇನ್ನೊಬ್ಬ ಅಮೆರಿಕದಲ್ಲಿದ್ದ. ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪನಿಯ ಮಾರಾಟಗಾರ ಗ್ಯಾರಿ ಥುರ್ಕ್. ಇಂಟರ್ನೆಟ್ಟಿನ ಪೂರ್ವಜ ಆರ್ಪಾನೆಟ್‌ನಲ್ಲಿದ್ದ ಸುಮಾರು 400 ಜನರಿಗೆ 1978ರ ಮೇ 3ರಂದು ಆತ ಒಂದೇ ಓಲೆ ಕಳಿಸಿದ. ಜಗತ್ತಿನ ಮೊದಲ ಜಾಹೀರಾತು ಇಮೇಲ್ ಎಂದು ಹೆಸರಾದದ್ದು ಅದೇ. ಪೂರ್ತಿ ದೊಡ್ಡಕ್ಷರ, ವಿಳಾಸಗಳು ಅವುಗಳ ಜಾಗದಲ್ಲಿ ಹಿಡಿಸದೆ ಪತ್ರದ ಒಳಕ್ಕೇ ಹರಿದಿದ್ದವು. ನೋಡಲು ಅಂದಗೇಡಿ. ಆದರೆ ಅದರಲ್ಲಿ ಇದ್ದದ್ದೇನು? ಹೊಸ ಕಂಪ್ಯೂಟರ್ ಕೊಳ್ಳಿ ಎಂದಲ್ಲ, ಬಂದು ನೋಡಿ ಎಂಬ ಆಹ್ವಾನ. ಮೇ 9ಕ್ಕೆ ಲಾಸ್ ಏಂಜಲೀಸ್, ಮೇ 11ಕ್ಕೆ ಸ್ಯಾನ್ ಮಟೆಯೊ, ಎರಡು ಕಡೆಯೂ ಮಧ್ಯಾಹ್ನ 2 ಗಂಟೆಗೆ, ಇಂಥ ಹೋಟೆಲಿನಲ್ಲಿ. ಬರಲಾಗದವರು ಹತ್ತಿರದ ನಮ್ಮ ಕಚೇರಿಯಲ್ಲಿ ವಿಚಾರಿಸಿ. ಜನ ರೇಗಿದರು, ಜಾಲ ನಡೆಸುವವರು ಗದರಿದರು. ವ್ಯಾಪಾರ ಮಾತ್ರ ಆಯಿತು. ಥುರ್ಕ್ ಆಮೇಲೆ ಹೇಳಿಕೊಂಡ ಲೆಕ್ಕದಲ್ಲಿ ಒಂದು ಕೋಟಿ ಡಾಲರಿಗೂ ಮೇಲೆ.

ಕರೆ ಮೃದುವಾದಷ್ಟೂ ಕಾಲು ಮುಂದೆ ಬರುತ್ತದೆ ಎಂಬುದಕ್ಕೆ 2008ರ ಒಬಾಮಾ ಚುನಾವಣಾ ಪ್ರಚಾರವೂ ಒಂದು ಸಾಕ್ಷಿ. ಬೆಂಬಲಿಗರ ಇಮೇಲ್ ವಿಳಾಸ ಕೂಡಿಸುವ ಪುಟದಲ್ಲಿ "ಹೆಸರು ನೋಂದಾಯಿಸಿ" ಎಂಬ ಅರ್ಥದ ಬಟನ್ ಇತ್ತು. ಅದರ ಜಾಗಕ್ಕೆ "ಇನ್ನಷ್ಟು ತಿಳಿಯಿರಿ" ಬಂತು, ಜೊತೆಗೆ ಕುಟುಂಬದ ಫೋಟೊ. ವಿಳಾಸ ಕೊಟ್ಟವರ ಪ್ರಮಾಣ ಶೇ. 40ರಷ್ಟು ಏರಿತು.

ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡೇ ಒಂದು ಮಾವಿನ ಸೀಸನ್ನಿನಲ್ಲಿ ನಾನು ಮ್ಯಾನೇಜರ ಜೊತೆ ಜಗಳಕ್ಕೆ ಬಿದ್ದೆ. ರಾಮನಗರದ ಕಡೆಯ ಬಾದಾಮಿ ಹಣ್ಣು, 3 ಕಿಲೋ ಬಾಕ್ಸ್, ಮನೆಗೇ ತಲುಪಿಸುವುದು. ಬಟನ್ ಮೇಲೆ ಅವರಿಗೆ "ಈಗಲೇ ಖರೀದಿಸಿ" ಬೇಕಿತ್ತು. ನಾನು "ನನಗೊಂದು ಬಾಕ್ಸ್ ಎತ್ತಿಡಿ" ಅಂತ ಬರೆದಿದ್ದೆ. "ಇದೇನ್ರೀ, ಸಂತೆ ಮಾತು!" ಅಂದರು. ಹೌದು, ಸಂತೆಯದೇ. ನಮ್ಮ ಜನ ಗುರುತಿನ ಅಂಗಡಿಯಲ್ಲಿ ಆಡುವ ಮಾತದು: ದುಡ್ಡು ಆಮೇಲೆ, ಮೊದಲು ನನ್ನ ಪಾಲು ಎತ್ತಿಡಪ್ಪ. ಕೊಳ್ಳುವವರ ಬಾಯಿಂದ ಬರಬೇಕಾದ ಮಾತನ್ನೇ ಬಟನ್ ಮೇಲೆ ಬರೆದರೆ, ಒತ್ತುವಾಗ ಯಾರದೋ ಅಪ್ಪಣೆ ಪಾಲಿಸಿದ ಹಾಗಾಗುವುದಿಲ್ಲ. ಆ ಸೀಸನ್ನಿನಲ್ಲಿ ಅತಿ ಹೆಚ್ಚು ಒತ್ತಿಸಿಕೊಂಡ ಬಟನ್ ಅದೇ. ಮ್ಯಾನೇಜರು ಮಳೆ ಚೆನ್ನಾಗಿತ್ತು, ಹಣ್ಣು ಚೆನ್ನಾಗಿತ್ತು ಅಂದರು.

ಮಾತೇ ಇಲ್ಲದ ಕರೆಯೂ ಒಂದಿತ್ತು. ಟೆಂಟ್ ಸಿನಿಮಾದ ಕಾಲದಲ್ಲಿ ಘಂಟಸಾಲ ಹಾಡಿದ "ನಮೋ ವೆಂಕಟೇಶ" ಲೌಡ್‌ಸ್ಪೀಕರಿನಲ್ಲಿ ಶುರುವಾಯಿತೆಂದರೆ ಆಟ ಶುರುವಾಗುವ ಹೊತ್ತಾಯಿತೆಂದು ಲೆಕ್ಕ. ಅಮ್ಮಂದಿರು ಒಲೆ ಆರಿಸಿ ಸೆರಗು ಸರಿಮಾಡಿಕೊಂಡು ಹೊರಡುತ್ತಿದ್ದರಂತೆ. ನಿಜವಾದ ಅವಸರ ಅದು. ಹಾಡು ಮುಗಿದರೆ ಟೈಟಲ್ ತಪ್ಪುತ್ತದೆ.

ಈಗಿನ ಅವಸರವೇ ಬೇರೆ. "ಇಂದೇ ಕೊನೆಯ ದಿನ" ಎಂದು ಇಂದೂ ಬರುತ್ತದೆ, ನಾಳೆಯೂ ಬರುತ್ತದೆ. ಹಳೆಯ ಸರ್ಕಸ್ಸಿನವರ "ಕೆಲವೇ ದಿನಗಳು ಮಾತ್ರ" ಕೂಡ ಹೀಗೇ ತಿಂಗಳುಗಟ್ಟಲೆ ನಡೆಯುತ್ತಿತ್ತು, ಆದರೆ ಕೊನೆಗೊಂದು ದಿನ ಡೇರೆ ಕೀಳುತ್ತಿದ್ದರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಆನ್‌ಲೈನ್ ಮಾರಾಟದ 13 ಕುಟಿಲೋಪಾಯಗಳನ್ನು ಹೆಸರಿಸಿದೆ. ಮೊದಲನೆಯದೇ ಸುಳ್ಳು ಅವಸರ. ಬೇಡ ಅನ್ನುವವರನ್ನು ನಾಚಿಸುವುದೂ ಅದರಲ್ಲಿದೆ. "ಬೇಡ, ನನಗೆ ಉಳಿತಾಯ ಇಷ್ಟವಿಲ್ಲ" ಎಂಬ ಬಟನ್ ನೀವೂ ನೋಡಿರುತ್ತೀರಿ. ಹೆದರಿಸುವುದೇ ಆದರೆ ನಮ್ಮ ದಾನಶಾಸನ ಬರೆಸಿದವರ ಹಾಗೆ ಹೆದರಿಸಬೇಕು: ಕೊಟ್ಟ ಭೂಮಿ ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ. ಇದರ ಮುಂದೆ ನಮ್ಮ "ಇನ್ನು 2 ಗಂಟೆ ಮಾತ್ರ" ಯಾವ ಲೆಕ್ಕ!

2024ರ ಫೆಬ್ರವರಿಯಿಂದ ಇನ್ನೊಂದು ಒಳ್ಳೆಯದಾಗಿದೆ. ದಿನಕ್ಕೆ 5,000ಕ್ಕೂ ಹೆಚ್ಚು ಜಿಮೇಲ್ ವಿಳಾಸಗಳಿಗೆ ಪ್ರಚಾರದ ಓಲೆ ಕಳಿಸುವವರು, ಒಂದೇ ಕ್ಲಿಕ್ಕಿಗೆ ಅದನ್ನು ನಿಲ್ಲಿಸುವ ದಾರಿ ಕೊಡಲೇಬೇಕೆಂದು ಗೂಗಲ್ ನಿಯಮ ಮಾಡಿತು. ನಮ್ಮ ಪಟ್ಟಿಯಿಂದ ಹಾಗೆ ಹೊರಗೆ ಹೋದವರಲ್ಲಿ ಅಪ್ಪನೂ ಒಬ್ಬರು. "ಮನೇಲೇ ಇದ್ದೀಯಲ್ಲ, ಬೇಕಾದ್ರೆ ಬಾಯಲ್ಲೇ ಹೇಳು" ಅಂದರು.

ಈ ಕಸುಬಿನವರಲ್ಲಿ ನನ್ನದೊಂದು ಕೋರಿಕೆ. "ಇಲ್ಲಿ ಕ್ಲಿಕ್ ಮಾಡಿ" ಎಂದು ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ಒತ್ತಿದರೆ ಏನು ಸಿಗುತ್ತದೆ ಅನ್ನುವುದನ್ನು ಬಟನ್ ಮೇಲೇ ಬರೆಯಿರಿ, ಒಂದು ಓಲೆಗೆ ಒಂದೇ ಬಟನ್ ಇಡಿ, ಬೆಲೆಯನ್ನು ಅದಕ್ಕಿಂತ ಮೇಲೆ ಹೇಳಿ. ಕೊನೆಯ ದಿನ ಅಂದ ಮೇಲೆ ಮಾರನೆಯ ದಿನ ಅಂಗಡಿ ಮುಚ್ಚಿ.