ಉದ್ದದ ರಸ್ತೆ, ಅಡ್ಡದ ಕರಾವಳಿ

ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರಗಳಿದ್ದರೆ ಅದು ನಾವೇ ಓಡಿಸುವ ಬಾಡಿಗೆ ಕಾರು ಎಂದರ್ಥ. ಕರಾವಳಿಯ ಎಳನೀರಿನ ಅಂಗಡಿಯವರಿಗೆಲ್ಲ ಇದು ಗೊತ್ತು. ಗಾಡಿ ನಿಲ್ಲಿಸುವ ಮೊದಲೇ ನಾವು ಹೊರಗಿನವರು ಎಂದು ತೀರ್ಮಾನವಾಗಿರುತ್ತದೆ. ಅಂಥ ಒಂದು ಕಾರನ್ನು ಮೂರು ದಿನಕ್ಕೆ ಹಿಡಿದು ನಾನು ಮತ್ತು ಗೆಳತಿ ಮಂಗಳೂರಿನಿಂದ ಕಾರವಾರದವರೆಗೆ ಹೋದೆವು. ಯಶವಂತ ಚಿತ್ತಾಲರ ಹನೇಹಳ್ಳಿಯ ಬಗ್ಗೆ ನನ್ನ ಪಿಎಚ್.ಡಿ.ಯಲ್ಲೊಂದು ಅಧ್ಯಾಯವಿದೆ. “ಕಾದಂಬರಿಯ ಊರು ಕಾದಂಬರಿಯಲ್ಲೇ ಇರ್ತದಮ್ಮ, ಪೆಟ್ರೋಲ್ ಯಾಕೆ ಸುಡ್ತೀಯ?” ಎಂದು ಗೈಡ್ ನಕ್ಕಿದ್ದರು. ಪ್ರಶ್ನೆ ನ್ಯಾಯವಾದದ್ದೇ.

ಮಂಗಳೂರು–ಕಾರವಾರ ಸುಮಾರು 270 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಂದೇ ದಿನದಲ್ಲಿ ಮುಗಿಸಬಹುದು. ಬಾಡಿಗೆ ಕಾರಿಗೂ ಅದೇ ಇಷ್ಟ. ಅದರಲ್ಲಿ ಗಂಟೆಗೆ ಲೆಕ್ಕ, ಕಿಲೋಮೀಟರಿಗೆ ಲೆಕ್ಕ. ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ ಎಲ್ಲವೂ ಸೇತುವೆಯ ಮೇಲೆ ಅರೆ ನಿಮಿಷದಲ್ಲಿ ಹಿಂದಾಗುತ್ತವೆ. ಮರವಂತೆಯಲ್ಲಿ ಮಾತ್ರ, ಎಡಕ್ಕೆ ಕಡಲು ಬಲಕ್ಕೆ ಸೌಪರ್ಣಿಕಾ ಇರುವುದರಿಂದ, ಎಲ್ಲರೂ ಇಳಿದು ಫೋಟೊ ತೆಗೆಯುತ್ತಾರೆ. ನಾವೂ ತೆಗೆದೆವು.

ಸೇತುವೆಗಳು ಬರುವ ಮೊದಲು ಇದು ಒಂದು ದಾರಿಯೇ ಆಗಿರಲಿಲ್ಲ. ಹೊಳೆಯ ತನಕ ಬಸ್ಸು, ಆಮೇಲೆ ದೋಣಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು. ಹೊಳೆ ದಾಟಿದರೆ ಮಾತೇ ಬದಲಾಗುತ್ತಿತ್ತು. ಈಗಲೂ ಕಿವಿಗೊಟ್ಟರೆ ಅದು ಕೇಳುತ್ತದೆ: ಉಡುಪಿ ದಾಟಿ ತುಳು ತೆಳುವಾಗುತ್ತದೆ, ಕುಂದಾಪುರದಲ್ಲಿ “ಹ್ವಾಯ್” ಎಂದು ಕರೆಯುತ್ತಾರೆ, ಭಟ್ಕಳದಲ್ಲಿ ನವಾಯತಿ, ಮುಂದೆ ಕೊಂಕಣಿ, ಹಾಲಕ್ಕಿಗಳ ಕನ್ನಡ. 1862ರಲ್ಲಿ ಬ್ರಿಟಿಷರು ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿ, ದಕ್ಷಿಣವನ್ನು ಮದ್ರಾಸಿನಲ್ಲೇ ಉಳಿಸಿದರು. ಹನೇಹಳ್ಳಿಯ ಹುಡುಗ ಮುಂಬಯಿಗೆ ಹೋಗಿ, ಅಲ್ಲಿದ್ದುಕೊಂಡೇ ಹನೇಹಳ್ಳಿಯನ್ನು ಬರೆದದ್ದರ ಹಿಂದೆ ಈ ಗೆರೆಯೂ ಇದೆ.

ಎರಡನೆಯ ದಿನ ಕುಮಟಾ ದಾಟಿ ಮಾದನಗೇರಿಯಲ್ಲಿ ಎಡಕ್ಕೆ ತಿರುಗಿದೆವು. ಬಂಕಿಕೊಡ್ಲ, ಹನೇಹಳ್ಳಿ, ಸಾಣಿಕಟ್ಟಾದ ಉಪ್ಪಿನ ಗದ್ದೆಗಳು, ಕೊನೆಗೆ ತದಡಿ. ಅಲ್ಲಿ ಅಘನಾಶಿನಿ ಕಡಲು ಸೇರುತ್ತದೆ. ಎದುರು ದಡ ಕಣ್ಣಳತೆಯಲ್ಲೇ ಇತ್ತು. ಕಾರಿನಲ್ಲಿ ಹೋಗಬೇಕೆಂದರೆ ಹೆದ್ದಾರಿಗೆ ವಾಪಸು ಹೋಗಿ ಸುತ್ತಬೇಕು. ದೋಣಿಯವರು ನಮ್ಮ ನಂಬರ್ ಪ್ಲೇಟ್ ನೋಡಿ ಅಂದರು: “ಕಾರು ದಾಟೂದಿಲ್ಲ. ಅದು ಇಲ್ಲೇ ಇರ್ಲಿ, ನೀವು ಬನ್ನಿ.”

ದೋಣಿಯಲ್ಲಿ ಎರಡು ಬೈಕು, ಮೀನಿನ ಬುಟ್ಟಿ, ಶಾಲೆಯ ಮಕ್ಕಳು. ಇಳಿತದ ಹೊತ್ತು. ಸೊಂಟದವರೆಗಿನ ನೀರಿನಲ್ಲಿ ನಿಂತು ಹೆಂಗಸರು ಬಳಚು ಹೆಕ್ಕುತ್ತಿದ್ದರು. ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ. ಘಟ್ಟದ ಮಣ್ಣು, ಸಿಹಿನೀರು ಇಲ್ಲಿಯವರೆಗೆ ಬರುತ್ತವೆ, ಕಡಲಿನ ಉಬ್ಬರ ಒಳನಾಡಿನವರೆಗೆ ಏರುತ್ತದೆ. ಈ ಎರಡರ ನಡುವಿನ ಗಜನಿ ಭೂಮಿಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ಜೊತೆ ಸಿಗಡಿ, ಮೀನು ಬರುತ್ತವೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು.

ಆ ದೋಣಿಯ ಮೇಲೆ ನನಗೆ ಸ್ಪಷ್ಟವಾದದ್ದು ಇಷ್ಟು: ರಸ್ತೆ ಉತ್ತರ-ದಕ್ಷಿಣ, ಬದುಕು ಪೂರ್ವ-ಪಶ್ಚಿಮ. ಘಟ್ಟದಿಂದ ಕಡಲಿಗೆ ಹರಿಯುವ ಒಂದೊಂದು ಹೊಳೆಯೂ ಒಂದೊಂದು ಸೀಮೆ. ಹೆದ್ದಾರಿ ಇವನ್ನೆಲ್ಲ ಅಡ್ಡಡ್ಡ ಕೊಯ್ದುಕೊಂಡು ಹೋಗುತ್ತದೆ.

ಕೊಯ್ಯುವುದು ಎಂಬ ಮಾತು ಮರುದಿನ ಬರಿಯ ಮಾತಾಗಿ ಉಳಿಯಲಿಲ್ಲ. ಗಂಗಾವಳಿ ದಾಟಿ ಅಂಕೋಲಾದ ಕಡೆ ಹೋಗುವಾಗ ಶಿರೂರು. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಹೊಳೆ, ನಡುವೆ ರಸ್ತೆ. 2024ರ ಜುಲೈ 16ರಂದು ಆ ಗುಡ್ಡ ಕುಸಿಯಿತು. ದಾರಿಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಮನೆಯವರು, ಚಹಾಕ್ಕೆ ನಿಂತವರು ಮಣ್ಣಿನ ಜೊತೆ ಹೊಳೆಗೆ ಹೋದರು. ಉಕ್ಕಿದ ನೀರು ಎದುರು ದಡದ ಉಳುವರೆಯ ಮನೆಗಳಿಗೂ ಹೊಡೆಯಿತು. ಕೇರಳದ ಲಾರಿ ಚಾಲಕನೊಬ್ಬನ ದೇಹ ಸಿಕ್ಕಿದ್ದು ಎರಡು ತಿಂಗಳ ಮೇಲೆ. ಅಗಲ ಮಾಡಲು ಗುಡ್ಡ ಕಡಿದ ರಸ್ತೆಯಲ್ಲಿ ನಾವು ಎಂಬತ್ತರ ವೇಗದಲ್ಲಿ ಬರುತ್ತಿದ್ದೆವು. ಗೆಳತಿ ಏನೂ ಹೇಳದೆ ಹಾಡು ನಿಲ್ಲಿಸಿದಳು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದಾಚೆ ಕಾಳಿ ನದಿಯ ಹಳೆಯ ಸೇತುವೆಯೂ ಲಾರಿಯೊಂದರ ಸಮೇತ ಕುಸಿದಿತ್ತು.

ಊರಿಗೆ ಮರಳಿ ಆ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಹನೇಹಳ್ಳಿಯನ್ನು ಈಗ ಹೆದ್ದಾರಿಯ ಪಕ್ಕದ ಒಂದು ಊರಾಗಿ ನೋಡದೆ, ಹೊಳೆಯ ಬಾಯಿಯಲ್ಲಿರುವ ಊರಾಗಿ ಓದುತ್ತಿದ್ದೇನೆ. ಅಲ್ಲಿಂದ ಒಂದು ದಾರಿ ಘಟ್ಟಕ್ಕೆ ಹತ್ತುತ್ತದೆ, ಒಂದು ಕಡಲಿಗೆ ಇಳಿಯುತ್ತದೆ, ಒಂದು ಮುಂಬಯಿಗೆ ಹೋಗುತ್ತದೆ. ಚಿತ್ತಾಲರ ಮೊದಲ ಕಾದಂಬರಿಯ ಹೆಸರು ‘ಮೂರು ದಾರಿಗಳು’ ಎಂಬುದನ್ನು ಎಷ್ಟೋ ಸಲ ಟೈಪ್ ಮಾಡಿದ್ದೆ, ದಾರಿಗಳನ್ನು ಎಣಿಸಿರಲಿಲ್ಲ.

ನೀವೂ ಬಾಡಿಗೆ ಕಾರು ಹಿಡಿದು ಆ ಕಡೆ ಹೋಗುವವರಾದರೆ, ಹೊಳೆ ಸಿಕ್ಕಿದಲ್ಲೊಮ್ಮೆ ತಿರುಗಿ. ಅದು ಕರೆದುಕೊಂಡು ಹೋಗುವಷ್ಟು ದೂರ ಹೋಗಿ ಕಾರು ನಿಲ್ಲಿಸಿ. ಗಂಟೆಯ ಬಾಡಿಗೆ ಏರುತ್ತಿರುತ್ತದೆ, ಏರಲಿ.